ಹಂಪವ್ವನಿಗೆ ಹೊಟ್ಟೆ ನೋಯಲಿಲ್ಲ

ಗಣಿಯೂರು
ಇಳಿದ ವರ್ಷ ಇನ್ನೂರ ಹದಿನಾಲ್ಕು, ನೆರಳು ತಿಂಗಳ ನಲವತ್ತೊಂದನೆಯ ದಿನ, ನಡುಹಗಲು

ನಾನು ಹುಟ್ಟುವುದಕ್ಕೆ ನಾನೂರು ವರ್ಷ ಮೊದಲೇ ಬಾಳಿ ಹೋದ ಹಿರಿಯರೇ, ತಾಯಂದಿರೇ, ಮಹಾಜನರೇ!

ಮೇಲಿನ ತಾರೀಕು ನೋಡಿ ಗಾಬರಿಯಾಗಬೇಡಿ. ನಲವತ್ತೊಂದನೆಯ ದಿನವಿರುವ ತಿಂಗಳು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಇರಲಿಲ್ಲವೆಂದು ನನಗೆ ಗೊತ್ತು. ನಮ್ಮಲ್ಲಿ ಮೇಕೆ ಕಾಯುವವರ ಹೊರತು ಚಂದ್ರನನ್ನು ಕಂಡವರಿಲ್ಲ. ನೀವು ಚಿನ್ನವನ್ನೆಲ್ಲ ಬಗೆದು ತೆಗೆದು ಬಿಟ್ಟುಹೋದ ಗಣಿಯ ಸುರಂಗಗಳೊಳಗೆ ನಾವು ಇಳಿದು ಇನ್ನೂರ ಹದಿನಾಲ್ಕು ವರ್ಷವಾಯಿತು. ಅಣಬೆಯ ಬೀಜ ಹಾಸಿದ ದಿನದಿಂದ ಕೊನೆಯ ಕೊಯ್ಲಿನವರೆಗಿನ ನಲವತ್ತೈದು ದಿನ ನಮಗೆ ಒಂದು ತಿಂಗಳು. ನನ್ನ ಮಾತುಗಳಲ್ಲಿ ಕೆಲವು ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಕ್ಷಮೆ ಇರಲಿ. ಧ್ವನಿ ದೊಡ್ಡದಾಯಿತೆನಿಸಿದರೆ ಅದಕ್ಕೂ ಕ್ಷಮೆ ಇರಲಿ. ನಾನು ನಾಟಕ ಕಂಪನಿಯ ಪರದೆಯ ಹಿಂದೆ ತೊಟ್ಟಿಲಲ್ಲಿ ಬೆಳೆದವನು. ಕೊನೆಯ ಸಾಲಿನ ಕಿವುಡಜ್ಜನಿಗೂ ಮುಟ್ಟುವಂತೆ ಮಾತಾಡುವುದೇ ನನಗೆ ರೂಢಿ. ಹೆಸರು ಕಂಠೆಪ್ಪ. ಊರೆಲ್ಲ ಮಾಸ್ತರ ಎನ್ನುತ್ತದೆ. ಎನ್ನುತ್ತಿತ್ತು.

ಈ ಪತ್ರ ನಿಮಗೆ ಮುಟ್ಟುತ್ತದೆಯೇ? ನನಗೆ ಅನುಮಾನ. ನಮ್ಮ ಊರಲ್ಲಿ ದೊಡ್ಡ ತಪ್ಪು ಮಾಡಿದವನು ಹಿಂದೋಲೆ ಬರೆಯಬೇಕು. ಹಿಂದೋಲೆ ಎಂದರೆ ಹಿಂದೆ ಆಗಿಹೋದವರಿಗೆ ಬರೆಯುವ ಕಾಗದ. ನಮ್ಮ ಮೈಯೊಳಗಿನದೆಲ್ಲ ನಿಮ್ಮ ಪ್ರತಿಯ ಪ್ರತಿ, ಆದ್ದರಿಂದ ಪ್ರತಿ ಕೆಟ್ಟಾಗ ಮೂಲದವರಿಗೆ ವರದಿ ಒಪ್ಪಿಸಬೇಕು, ಇದು ನಮ್ಮವರ ವಾದ. ಬರೆದದ್ದನ್ನು ಏಳನೆಯ ಓಣಿಯ ಬಂಡೆಬಿರುಕಿನಲ್ಲಿ ತುರುಕುತ್ತಾರೆ. ಅಲ್ಲಿಂದ ಅದು ಎಲ್ಲಿಗೆ ಹೋಗುತ್ತದೋ ಯಾರೂ ಕಂಡಿಲ್ಲ. ಇಲಿ ತಿನ್ನುತ್ತದೆಂದೇ ನನ್ನ ಸಂಶಯ. ನಿಮ್ಮ ಮೇಲೂ ನನಗೆ ಸಂಶಯ ಕಡಿಮೆಯೇನಿಲ್ಲ. ನಡುಹಗಲಲ್ಲಿ ಬೆತ್ತಲೆ ತಲೆಯಲ್ಲಿ ತಿರುಗುತ್ತಿದ್ದ ಜನ ನೀವು; ನಮಗೆ ಬಿಟ್ಟದ್ದು ಒಂದು ತಾಸು ನಿಂತರೆ ಪ್ರಾಣ ತೆಗೆಯುವ ಬಿಸಿಲು. ಇರಲಿ. ಇವತ್ತಿನ ಅಪರಾಧಿ ನಾನು. ಮೊದಲು ನನ್ನ ಕಥೆ ಕೇಳಿ.

ನಮ್ಮ ಬದುಕು ಹಾಲಿನ ಮೇಲೆ ನಿಂತಿದೆ. ಸಂಜೆ ಬಿಸಿಲು ಸತ್ತ ಮೇಲೆ ಮೇಕೆಗಳನ್ನು ಮೇಲಕ್ಕೆ ಹೊಡೆಯುತ್ತೇವೆ. ಅವು ಜಾಲಿಮುಳ್ಳು ತಿಂದು ಬೆಳಗಾಗುವುದರೊಳಗೆ ಇಳಿದು ಬರುತ್ತವೆ. ಅಣಬೆಯಿಂದ ಹೊಟ್ಟೆ ತುಂಬುತ್ತದೆ, ಕಾಲಲ್ಲಿ ಬಲ ಬರುವುದು ಹಾಲಿನಿಂದ. ಆದರೆ ಹಿರಿಯರೇ, ನೀವು ನಮಗೆ ದಾಟಿಸಿದ ಹೊಟ್ಟೆ ಎಂಥದು! ತಾಯಿಯ ಹಾಲು ಬಿಟ್ಟು ನಾಲ್ಕೈದು ವರ್ಷವಾಗುತ್ತಲೇ ನಮ್ಮ ಕರುಳು ಹಾಲನ್ನು ಒಲ್ಲೆ ಎನ್ನುತ್ತದೆ. ಒಂದು ಲೋಟ ಕುಡಿದರೆ ಗುಡುಗುಡು, ಉಬ್ಬರ, ನುಲಿತ, ಆಮೇಲೆ ಓಟ. ಹಾಲಿನೊಳಗಿನ ಸಕ್ಕರೆಯನ್ನು ಎರಡು ತುಂಡು ಮಾಡುವ ಒಂದು ಸಣ್ಣ ಕತ್ತರಿ ಕರುಳಿನಲ್ಲಿ ಇರಬೇಕು. ನಾವು ಅದನ್ನು ಹಾಲುಗತ್ತರಿ ಎನ್ನುತ್ತೇವೆ. ನಿಮ್ಮ ಪುಸ್ತಕಗಳಲ್ಲಿ ಅದನ್ನು ಒಂದು ಬಗೆಯ ಪ್ರೋಟೀನ್ ಎಂದು ಬರೆದಿದೆ. ಕೂಸಿಗೆ ಅದು ಇರುತ್ತದೆ. ದೊಡ್ಡವರಾದಂತೆ ಅದು ತಯಾರಾಗುವುದೇ ನಿಂತುಹೋಗುತ್ತದೆ.

ಅದಕ್ಕೆ ನಮ್ಮಲ್ಲಿ ಓಲೆಮನೆ ಇದೆ. ಅಲ್ಲಿನ ಹಿರಿಯ ಶೇಕ್ಷಾವಲಿ ಸಾಹೇಬ ತಯಾರಿಸುವ ಹಾಲೋಲೆಯ ಮೂರು ಹನಿಗಳನ್ನು ಎರಡು ದಿನಕ್ಕೊಮ್ಮೆ, ಬೆಳಗಿನ ಗಂಟೆಗೆ ಸಾಲಾಗಿ ನಿಂತು ನಾಲಗೆಯ ಮೇಲೆ ಬಿಡಿಸಿಕೊಳ್ಳುತ್ತೇವೆ. ಹಾಲೋಲೆ ಏನೆಂದು ನಿಮಗೆ ತಿಳಿಸಬೇಕಾದರೆ ನನ್ನ ಕಂಪನಿಯೊಳಗೇ ಕರೆದೊಯ್ಯುವುದು ಲೇಸು. ನಮ್ಮ ನಾಟಕಗಳ ಮೂಲಪ್ರತಿ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಅದು ಹೊರಗೆ ಬರುವುದಿಲ್ಲ. ರಾಜನಿಗೆ ರಾಜನ ಮಾತು, ಸೇವಕನಿಗೆ ಸೇವಕನ ಮಾತು, ಅವರವರ ಪಾಲಿನಷ್ಟನ್ನೇ ಚೀಟಿಯಲ್ಲಿ ನಕಲು ಮಾಡಿ ಕೊಡುತ್ತೇವೆ. ಆಟ ಮುಗಿದ ಮೇಲೆ ಚೀಟಿಗಳನ್ನು ನೀರಲ್ಲಿ ನೆನೆಹಾಕಿ, ಅರೆದು, ಅದೇ ರಾಡಿಯಿಂದ ಹೊಸ ಕಾಗದ ಮಾಡುತ್ತೇವೆ. ಮೈಯೊಳಗಿನ ಒಂದೊಂದು ಜೀವಕೋಶವೂ ಇಂಥ ಕಂಪನಿಯೇ! ಒಳಕೋಣೆಯ ಪೆಟ್ಟಿಗೆಯಲ್ಲಿ ತಾಯಿಪುಸ್ತಕ ಇದೆ, ನೀವು ಡಿಎನ್‌ಎ ಎಂದು ಕರೆದದ್ದು. ಬೇಕಾದ ಪುಟವೊಂದರ ನಕಲು ಮಾತ್ರ ಹೊರಗಿನ ಅಂಗಳಕ್ಕೆ ಬರುತ್ತದೆ. ಅದೇ ಓಲೆ. ಅಂಗಳದಲ್ಲಿ ಸಾವಿರಾರು ಓದುಗಾರರು ಕಾಯುತ್ತಿರುತ್ತಾರೆ, ಸಾಸಿವೆಯ ಸಾವಿರದಲ್ಲೊಂದು ಪಾಲಿಗಿಂತಲೂ ಸಣ್ಣ ಗುಂಡುಗಳು. ಓದುಗಾರ ಓಲೆಯನ್ನು ಹಿಡಿದು ಮೂರು ಮೂರು ಅಕ್ಷರವಾಗಿ ಓದುತ್ತಾನೆ. ಮೂರಕ್ಷರಕ್ಕೊಂದು ಮಣಿ. ಇಪ್ಪತ್ತು ಬಗೆಯ ಮಣಿಗಳಲ್ಲಿ ಓಲೆ ಕರೆದದ್ದನ್ನೇ ಎತ್ತಿ ಪೋಣಿಸುತ್ತ ಹೋಗುತ್ತಾನೆ. ಸರ ಮುಗಿದೊಡನೆ ಅದು ತಾನೇ ಮಡಚಿಕೊಂಡು, ಸುತ್ತಿಕೊಂಡು, ಒಂದು ಆಕಾರ ತಾಳಿ ಕೆಲಸಕ್ಕೆ ನಿಲ್ಲುತ್ತದೆ. ಒಂದು ಕತ್ತರಿ, ಒಂದು ಕೀಲು, ಒಂದು ಕಂಬ, ಏನು ಬೇಕಾದರೂ. ಓಲೆ ಮಾತ್ರ ಒಂದೆರಡು ದಿನದಲ್ಲಿ ಹರಿದು ಚಿಂದಿಯಾಗುತ್ತದೆ.

ಒಂದು ಮಾತನ್ನು ಗಂಟು ಹಾಕಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಓದುಗಾರನಿಗೆ ಸಂಶಯವೆಂಬುದೇ ಇಲ್ಲ. ಓಲೆ ಒಳಕೋಣೆಯಿಂದ ಬಂತೋ, ಶೇಕ್ಷಾವಲಿಯ ಜಾಡಿಯಿಂದ ಬಂತೋ, ಅವನು ಕೇಳುವುದಿಲ್ಲ. ಕೊಟ್ಟದ್ದನ್ನು ಓದುತ್ತಾನೆ, ಅಷ್ಟೇ. ಈ ಭೋಳೆತನದ ಮೇಲೆಯೇ ನಮ್ಮ ಊರು ಬದುಕಿದೆ.

ಈಗ ಹಂಪವ್ವ ಪ್ರವೇಶಿಸಲಿ! ಹಂಪವ್ವ ನಮ್ಮ ಕಂಪನಿಯ ಪ್ರಾಂಪ್ಟರ್. ಇಪ್ಪತ್ತೆಂಟು ವರ್ಷದಿಂದ ರಂಗದ ಮುಂದಿನ ಗುಂಡಿಯಲ್ಲಿ ಕುಳಿತು, ನಾವು ಮರೆತ ಮಾತನ್ನು ಪಿಸುಗುಟ್ಟಿ ಎತ್ತಿಕೊಡುವವಳು. ಚೀಟಿಗಳ ನಕಲು ಮಾಡುವವಳೂ ಅವಳೇ. ಬೆಳಗ್ಗೆ ಓಲೆಮನೆಯಲ್ಲಿ ಗಾಜಿನ ಪಾತ್ರೆ ತೊಳೆಯುತ್ತಾಳೆ. ಅವಳ ಮುಖ ಹೀಗೇ ಇದೆಯೆಂದು ಹೇಳಬಲ್ಲವರು ಊರಲ್ಲಿ ಕಡಿಮೆ. ಧ್ವನಿಯನ್ನಂತೂ ನಟರ ಹೊರತು ಯಾರೂ ಕೇಳಿದವರಲ್ಲ.

ಈ ವರ್ಷದ ಹೊಸ ಹಾಲೋಲೆಯ ಜಾಡಿ ಸಿದ್ಧವಾದಾಗ ಅದನ್ನು ರಂಗಕ್ಕೆ ತಂದು ಊರಿಗೆಲ್ಲ ತೋರಿಸಿ ಆಟ ಶುರು ಮಾಡಬೇಕೆಂದು ಹೊಳೆದದ್ದು ನನಗೆ. ಶೇಕ್ಷಾವಲಿ ಒಪ್ಪಲಿಲ್ಲ. "ಮಾಸ್ತರ, ಇದು ಇನ್ನೂ ಬೆತ್ತಲೆ ಓಲೆ. ಕೊಬ್ಬಿನ ಹೊದಿಕೆ ತೊಡಿಸೂದು ನಾಳೆ ಐತಿ. ಗಾಳಿ ಸುದ್ದಾ ಸೋಕಬಾರದು" ಎಂದ. ನಾನು ಬಿಡುವವನೇ? ಕೈಗವಸು ತೊಡುತ್ತೇನೆ, ಐದು ನಿಮಿಷ ಸಾಕು ಎಂದೆ. ಕಡೆಗೆ ಅವನು ಒಪ್ಪಿ, ಮುಚ್ಚಳ ಹಿಡಿದುಕೊಂಡು ಪಕ್ಕದ ಪರದೆಯ ಹಿಂದೆ, ರಂಗ ಕಾಣದ ಕಡೆ ನಿಂತ. ನಾಂದಿ ಮುಗಿಯಿತು. ಹಾರ್ಮೋನಿಯಂ ಪೇಟಿಯ ಸ್ವರ ಏರಿತು. ಜಾಡಿಯ ಮುಂದೆ ನಿಂತು ನಾನು ಹೊಗಳಿದ ಹೊಗಳಿಕೆಗೆ ಸುರಂಗದ ಮಾಳಿಗೆಯಿಂದ ಹುಡಿ ಉದುರಿತು! ಆ ಏರಿನಲ್ಲಿ ಬಲಗೈಯ ಗವಸನ್ನು ಕಿತ್ತು ಒಗೆದು, ನಡುಬೆರಳನ್ನು ಜಾಡಿಯಲ್ಲಿ ಅದ್ದಿ, ಹಣೆಗೆ ಒತ್ತಿಕೊಂಡು, "ಇದೋ ಅಮೃತ!" ಎಂದೆ. ಚಪ್ಪಾಳೆಯೆಂದರೆ ಚಪ್ಪಾಳೆ.

ಅದಕ್ಕೂ ಒಂದು ಉಸಿರು ಮೊದಲು, ಗುಂಡಿಯೊಳಗಿಂದ ಪಿಸುಮಾತು ಬಂದಿತ್ತು: "ಮಾಸ್ತರ, ಜಾಡಿಯೊಳಗ ಕೈ ಹಾಕಬ್ಯಾಡ್ರಿ."

ಕೇಳಿಸಿತು. ಸ್ಪಷ್ಟವಾಗಿ ಕೇಳಿಸಿತು. ಆದರೆ ಅದು ನನ್ನ ಪಾಲಿನ ಮಾತಲ್ಲ. ಪ್ರಾಂಪ್ಟರ್ ತನ್ನ ಸ್ವಂತದ್ದೊಂದು ಮಾತು ಆಡಿದ್ದು ಅದೇ ಮೊದಲು. ನನ್ನ ರಂಗದ ಮೇಲೆ ನನಗೇ ಬುದ್ಧಿಯೇ ಎಂದು ಮೈ ಉರಿಯಿತು.

ಹೊಸ ಹನಿ ಹಂಚಿದ ಮೂರನೆಯ ದಿನಕ್ಕೆ ಊರು ಹೊಟ್ಟೆ ಹಿಡಿದುಕೊಂಡಿತು. ನಡುಹಗಲಿನ ಆಟ. ಸಿಂಹಾಸನದ ಮೇಲೆ ರಾಜ ಎರಡು ಮಡಿಕೆಯಾದ. ಮಂತ್ರಿ "ಪ್ರಭೂ" ಎಂದವನು ಪೂರ್ತಿ ಹೇಳದೆ ಪರದೆಯ ಕಡೆ ಓಡಿದ. ಪೇಟಿಯವನು ಕೊಸರಾಡಿ ಎದ್ದುಹೋದ. ಪ್ರೇಕ್ಷಕರು ಸಾಲುಸಾಲಾಗಿ ಏಳತೊಡಗಿದರು. ನಾನೂ ಕಂಬ ತಬ್ಬಿಕೊಂಡು ಬೆವರುತ್ತಿದ್ದೆ. ಆ ನರಳಾಟದ ನಡುವೆ ಒಂದೇ ಒಂದು ಧ್ವನಿ, ಗುಂಡಿಯೊಳಗಿಂದ, ಒಂದಿಷ್ಟೂ ಅಲುಗದೆ, ಮುಂದಿನ ಮಾತನ್ನು ಎತ್ತಿಕೊಡುತ್ತಲೇ ಇತ್ತು. ಬಗ್ಗಿ ನೋಡಿದೆ. ಹಂಪವ್ವ ಹಾಲಿನ ಚೊಂಬು ಪಕ್ಕಕ್ಕಿಟ್ಟುಕೊಂಡು ಪುಟ ತಿರುವುತ್ತಿದ್ದಳು.

ಹಿರಿಯರೇ, ಸಂಶಯ ಹುಟ್ಟುವುದನ್ನು ನೀವು ಕಂಡಿದ್ದೀರಾ? ಅದೂ ಮಣಿ ಪೋಣಿಸಿದ ಹಾಗೆಯೇ. ಊರಿಗೆಲ್ಲ ಹೊಟ್ಟೆನೋವು, ಇವಳೊಬ್ಬಳಿಗೆ ಇಲ್ಲ. ಒಂದು ಮಣಿ. ಓಲೆಮನೆಯೊಳಗೆ ದಿನವೂ ಇವಳ ಓಡಾಟ. ಎರಡನೆಯದು. ಜಾಡಿಯ ಹತ್ತಿರ ಹೋಗದಂತೆ ನನ್ನನ್ನು ತಡೆದವಳೂ ಇವಳೇ. ಆಹಾ, ಮೂರನೆಯದು! ಯಾಕೆ ತಡೆದಳು? ಒಳಗೆ ಇದ್ದದ್ದು ಓಲೆಯಲ್ಲ, ಬರಿಯ ನೀರೆಂದು ನನಗೆ ತಿಳಿದುಬಿಡುವ ಭಯದಿಂದ! ನಿಜವಾದ ಹಾಲೋಲೆಯನ್ನು ಮೊದಲೇ ತೆಗೆದು ಬಚ್ಚಿಟ್ಟಿದ್ದಾಳೆ! ಸರ ತಾನಾಗಿಯೇ ಮಡಚಿಕೊಂಡು ಆಕಾರ ತಾಳಿತು. ನೋಡಿದರೆ, ಅದೂ ಒಂದು ಕತ್ತರಿಯೇ.

ಊರಿನ ಅನ್ನ ಕದ್ದವರಿಗೆ ನಮ್ಮಲ್ಲಿ ಒಂದೇ ಶಿಕ್ಷೆ, ಮೆಟ್ಟಿಲು. ಆರುನೂರು ಮೆಟ್ಟಿಲು ಹತ್ತಿಸಿ, ನಡುಹಗಲಿನಲ್ಲಿ ಮೇಲಿನ ಬಾಗಿಲಾಚೆ ಬಿಟ್ಟು, ಒಳಗಿನಿಂದ ಅಗುಳಿ ಹಾಕುತ್ತಾರೆ. ಅಷ್ಟೇ. ಆದರೆ ಅದಕ್ಕೆ ಮೊದಲು ನೋಟದ ಪರೀಕ್ಷೆ ಆಗಬೇಕು. ಓಲೆ ಎರಡು ದಿನಕ್ಕೆ ಚಿಂದಿಯಾಗುತ್ತದೆ. ಅದು ಮಾಡಿಸಿದ ಕತ್ತರಿಯೂ ಕರುಳಿನ ಹಳೆಯ ಪದರದ ಜೊತೆ ನಾಲ್ಕು ದಿನದಲ್ಲಿ ಉದುರಿಹೋಗುತ್ತದೆ. ಆದ್ದರಿಂದ ಆರೋಪಿಯನ್ನು ರಂಗದ ಮೇಲೆ ಕೂಡಿಸಿ ಐದು ದಿನ ಸರದಿಯಂತೆ ಊರೇ ಕಾಯುತ್ತದೆ. ಹನಿ ಕದ್ದು ಬದುಕುತ್ತಿದ್ದವಳಾದರೆ ಆರನೆಯ ದಿನ ಹಾಲು ಕುಡಿದಾಗ ಹೊಟ್ಟೆಯೇ ಸಾಕ್ಷಿ ಹೇಳುತ್ತದೆ.

ಇಪ್ಪತ್ತೆಂಟು ವರ್ಷ ಗುಂಡಿಯಲ್ಲಿದ್ದ ಹೆಂಗಸು ಹೀಗೆ ಮೊದಲ ಸಲ ರಂಗದ ಮೇಲೆ ಬಂದಳು. ಸ್ಟೂಲಿನ ಮೇಲೆ ಕೂತು, ಬೆಳಕಿಗೆ ಕಣ್ಣು ಕಿರಿದು ಮಾಡಿ, ಊರನ್ನೇ ನೋಡುತ್ತಿದ್ದಳು. "ನಾ ಏನೂ ಕದ್ದಿಲ್ಲ. ನನಗ ಯಾಕ ನೋಯಲಿಲ್ಲ ಅಂತ ನನಗೂ ಗೊತ್ತಿಲ್ಲ" ಎಂದು ಮೊದಲ ದಿನ ಒಮ್ಮೆ ಹೇಳಿದಳು. ಮತ್ತೆ ಹೇಳಲಿಲ್ಲ. ನಾಚಿಕೆಯಿಲ್ಲದೆ ಇನ್ನೊಂದನ್ನೂ ಬರೆಯುತ್ತೇನೆ. ಆರೋಪದ ಭಾಷಣ ಬರೆದವನು ನಾನು. ಅದನ್ನು ದುಂಡಗಿನ ಅಕ್ಷರದಲ್ಲಿ ನಕಲು ಮಾಡಬಲ್ಲವಳು ಊರಲ್ಲಿ ಅವಳೊಬ್ಬಳೇ. ಅದನ್ನೂ ಅವಳಿಂದಲೇ ಮಾಡಿಸಿದೆ. ಮಾಡಿಕೊಟ್ಟಳು. "ಎರಡನೇ ಹಾಳ್ಯಾಗ ‘ನೀಚಳೇ’ ಎರಡು ಸರ್ತಿ ಬಂದೈತ್ರೀ ಮಾಸ್ತರ, ಒಂದು ತಗೀಲೋ?" ಎಂದು ಕೇಳಿದಳು. ಎರಡೂ ಇರಲಿ ಎಂದೆ.

ಆರನೆಯ ದಿನ. ಗಣಿಯೂರು ಪೂರ್ತಿ ನೆರೆದಿತ್ತು, ಹಸಿದ ಮುಖಗಳು. ದೊಡ್ಡ ಚೊಂಬಿನ ತುಂಬ ಹಾಲು ತಂದರು. ಗಟಗಟ ಕುಡಿದಳು. ಕಾದೆವು. ಒಂದು ತಾಸು. ಎರಡು ತಾಸು. ಮೂರು. ಹಂಪವ್ವ ಒಂದು ಸಣ್ಣ ತೇಗು ತೇಗಿದಳು, ಅಷ್ಟೇ.

ಅಲ್ಲಿಗೆ ಯಾವ ಮನುಷ್ಯನಾದರೂ ನಿಲ್ಲಿಸುತ್ತಿದ್ದ. ನಾನು ನಿಲ್ಲಿಸಲಿಲ್ಲ! ನನ್ನ ಸಂಶಯ ಇನ್ನೊಂದು ಮಾಳಿಗೆ ಏರಿತು. "ಕಂಡಿರಾ ಮಹಾಜನರೇ! ಇವಳು ಓಲೆಯನ್ನಷ್ಟೇ ಕದ್ದವಳಲ್ಲ, ತಾಯಿಪುಸ್ತಕದಲ್ಲೇ ಕಳ್ಳಬರಹ ಬರೆಸಿಕೊಂಡವಳು!" ಎಂದು ಗುಡುಗಿದೆ. ಅದಕ್ಕಿಂತ ದೊಡ್ಡ ಪಾತಕ ನಮ್ಮಲ್ಲಿಲ್ಲ. ಜನ ಹೋ ಎಂದು ಎದ್ದು ನಿಂತಿತು. ಮೆಟ್ಟಿಲಿನ ಕಾವಲುಗಾರರು ಬಂದು ರಂಗದ ಬದಿಗೆ ನಿಂತರು. ಬಾಯಿಪಾಠ ಮಾಡಿಕೊಂಡಿದ್ದ ಭಾಷಣಕ್ಕೆ ನಾನು ಇಳಿದೆ. ಮೊದಲ ಹಾಳೆ ಬೆಂಕಿ. ಎರಡನೆಯದು, ಎರಡೂ ‘ನೀಚಳೇ’ ಸಮೇತ, ಸಿಡಿಲು. "ಅಂದು ಈ ರಂಗದ ಮೇಲೆ, ಈ ಹೆಂಗಸು ನನ್ನನ್ನು ತಡೆದಳು! ಯಾಕೆ ತಡೆದಳು?" ಎಂದು ಕೈ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು.

ಮುಂದಿನ ಮಾತು ಮರೆತುಹೋಗಿತ್ತು.

ರೂಢಿಯಂತೆ ಗುಂಡಿಯ ಕಡೆ ನೋಡಿದೆ. ಗುಂಡಿ ಖಾಲಿ. ಇಡೀ ಊರು ಬಾಯಿ ತೆರೆದು ಕಾಯುತ್ತಿದೆ. ಆಗ ಸ್ಟೂಲಿನ ಕಡೆಯಿಂದ ಅದೇ ಅಲುಗದ ಪಿಸುಮಾತು ಬಂತು. ನಾನು ಬರೆದದ್ದು ಬರೆದಂತೆ, ಒಂದಕ್ಷರ ಕೂಡಿಸದೆ, ಒಂದಕ್ಷರ ಕಳೆಯದೆ:

"ಜಾಡಿಯೊಳಗೆ ಕೈ ಹಾಕಿದವರು ಯಾರು? ಈ ಸಭೆಗೆ ಉತ್ತರ ಕೊಡು."

ಎತ್ತಿಕೊಟ್ಟ ಮಾತನ್ನು ಹಿಡಿಯುವುದೇ ನಟನ ಕೆಲಸ. ಎಲ್ಲ ಓಣಿಗೂ ಕೇಳುವಂತೆ ಹೇಳಿದೆ: "ಜಾಡಿಯೊಳಗೆ ಕೈ ಹಾಕಿದವರು ಯಾರು? ಈ ಸಭೆಗೆ ಉತ್ತರ ಕೊಡು!"

ಮೂರನೆಯ ಸಾಲಿನಲ್ಲಿ ಅಣಬೆ ಮಾರುವ ಒಬ್ಬ ಮುದುಕಿ, ಪಾಪ, ನಿಜವಾಗಿಯೂ ನೆನಪು ಮಾಡಿಕೊಂಡು ಉತ್ತರ ಕೊಟ್ಟಳು. "ನೀವ ಅಲ್ರೀ ಮಾಸ್ತರ? ಬೊಟ್ಟು ಅದ್ದಿ ಹಣಿಗೆ ಹಚಗೊಂಡ್ರಲ್ಲ. ಭಾಳ ಚೆಂದ ಕಾಣತಿತ್ತು."

ಯಾರೋ ಕಿಸಕ್ಕೆಂದರು. ಪಕ್ಕದ ಪರದೆಯನ್ನು ಸರಿಸಿ ಶೇಕ್ಷಾವಲಿ ಸಾಹೇಬ ಹೊರಗೆ ಬಂದ. ಬಹಳ ಮೆಲ್ಲಗೆ ಕೇಳಿದ: "ಮಾಸ್ತರ, ನೀವು ಕೈಗವಸು ತಗದಿದ್ರೇನು?"

ಹಿರಿಯರೇ, ನಿಮ್ಮ ಬೆರಳುಗಳನ್ನೊಮ್ಮೆ ನೋಡಿಕೊಳ್ಳಿ. ತೊಳೆದು ಹಸನಾಗಿವೆ ಎನ್ನಿಸುತ್ತದೆ. ಆ ಚರ್ಮದ ಮೇಲೆ ಓಲೆಹರುಕ ಎಂಬ ಇನ್ನೊಂದು ಕತ್ತರಿ ಸದಾ ಕೂತಿರುತ್ತದೆ. ಹೊರಗಿನ ರೋಗಗಳ ಕಳ್ಳ ಓಲೆಗಳು ಒಳಗೆ ನುಗ್ಗದಂತೆ ಕಂಡ ಕಂಡ ಓಲೆಯನ್ನೆಲ್ಲ ಚೂರು ಮಾಡಲು ಮೈಯೇ ನಿಲ್ಲಿಸಿದ ಕಾವಲುಗಾರ. ಸಂಶಯವೇ ಮೈವೆತ್ತ ಪ್ರೋಟೀನ್! ಅದಕ್ಕೆ ಗೆಳೆಯನ ಓಲೆ, ಹಗೆಯ ಓಲೆ ಎಂಬ ಭೇದ ಗೊತ್ತಿಲ್ಲ. ನನ್ನ ಒಂದು ಬೆರಳು ಅದ್ದಿದ್ದಕ್ಕೆ ಇಡೀ ವರ್ಷದ ಜಾಡಿ ಚಿಂದಿಯಾಗಿತ್ತು. ಶೇಕ್ಷಾವಲಿ ಅದನ್ನು ಅಲ್ಲೇ ಸಾಧಿಸಿ ತೋರಿಸಿದ. ಹೊದಿಕೆ ತೊಡಿಸದ ಹಳೆಯ ಓಲೆ ಇಬ್ಬರಿಗಾಗುವಷ್ಟು ಉಳಿದಿತ್ತು. ಅದನ್ನು ಎರಡು ಬಟ್ಟಲು ಮಾಡಿ ಒಂದರಲ್ಲಿ ನನ್ನ ಬೆರಳು ಅದ್ದಿಸಿ, ಹೊದಿಕೆ ತೊಡಿಸಿ, ಇಬ್ಬರಿಗೆ ಕೊಟ್ಟ. ಮರುದಿನ ಹಾಲು ಕುಡಿದು ಒಬ್ಬ ಆರಾಮಾಗಿ ಕೂತ; ಬೆರಳದ್ದಿದ ಬಟ್ಟಲಿನವನು ಓಡಿದ ಓಟವನ್ನು ಊರೆಲ್ಲ ನೋಡಿತು.

ಹಾಗಾದರೆ ಹಂಪವ್ವನಿಗೆ ಯಾಕೆ ನೋಯಲಿಲ್ಲ? ಇದನ್ನು ನಾನೇ ಮೊದಲು ಊಹಿಸಬೇಕಿತ್ತು. ನಮ್ಮ ಪೆಟ್ಟಿಗೆಯ ಮೂಲಪ್ರತಿಯಲ್ಲಿ, ಆಡುವುದನ್ನು ಬಿಟ್ಟ ದೃಶ್ಯಗಳನ್ನು ನಾವು ಹರಿದು ಒಗೆಯುವುದಿಲ್ಲ. ಆ ಹಾಳೆಗಳ ಅಂಚನ್ನು ದಾರದಿಂದ ಹೊಲಿದುಬಿಡುತ್ತೇವೆ. ತೆರೆಯಲಾಗದು, ಆದರೆ ಒಳಗೆ ಪೂರ್ತಿ ಇರುತ್ತದೆ. ಹಾಲುಗತ್ತರಿಯ ಪುಟವೂ ಹಾಗೆಯೇ ನಮ್ಮೆಲ್ಲರ ಪುಸ್ತಕದಲ್ಲಿ ಇದೆ. ಕೂಸುತನ ಮುಗಿದಾಗ ಮೈಯೇ ಅದನ್ನು ಹೊಲಿಯುತ್ತದೆ. ಕೆಲವು ಮನೆತನಗಳಲ್ಲಿ ಆ ಹೊಲಿಗೆ ಬೀಳುವುದಿಲ್ಲ. ಪುಟದ ಆಚೆ ಅಂಚಿನಲ್ಲಿರುವ ಒಂದೇ ಅಕ್ಷರದ ಬದಲಾವಣೆ ಅದನ್ನು ಜೀವನಪೂರ್ತಿ ತೆರೆದಿಡುತ್ತದೆ. ಹಂಪವ್ವನ ತಾಯಿಯ ಕಡೆಯವರು ಮೇಲಿದ್ದ ಕಾಲದಲ್ಲಿ ತಲೆತಲಾಂತರದಿಂದ ದನ ಕಾಯ್ದು ಹಾಲಿನಲ್ಲೇ ಬಾಳಿದವರಂತೆ. ಅವಳೂ ಚಿಕ್ಕಂದಿನಿಂದ ಎಲ್ಲರ ಜೊತೆ ಸಾಲಿನಲ್ಲಿ ನಿಂತು ಹನಿ ಹಾಕಿಸಿಕೊಂಡವಳು. ತನಗೆ ಅದು ಬೇಕೇ ಇರಲಿಲ್ಲವೆಂದು ಅವಳಿಗೆ ಹೇಗೆ ತಿಳಿಯಬೇಕು?

ಆರೋಪ ಸುಳ್ಳೆಂದು ಸಾಬೀತಾದರೆ ಅದೇ ಶಿಕ್ಷೆ ಆರೋಪಿಸಿದವನಿಗೆ. ಕಾವಲುಗಾರರು ಸ್ಟೂಲಿನ ಬದಿಯಿಂದ ನನ್ನ ಬದಿಗೆ ಬಂದರು. ಮೆಟ್ಟಿಲ ಬಾಗಿಲಿನ ಸಂದಿಯಿಂದ ಬರುವ ಬಿಸಿ ನನ್ನ ಕಿವಿಗೆ ತಗುಲಿತು. ನಮ್ಮಲ್ಲಿ ಕೊನೆಯ ಮಾತು ಅನ್ಯಾಯವಾದವಳದು. ಹಂಪವ್ವ ಎದ್ದು ನಿಂತಳು. ದೊಡ್ಡದಾಗಿ ಮಾತಾಡಲು ಬಾರದು, ಊರೇ ಉಸಿರು ಹಿಡಿದು ಕೇಳಬೇಕಾಯಿತು.

"ಮ್ಯಾಲೆ ಕಳಿಸಿ ಏನ್ ಮಾಡ್ತೀರಿ? ಹೊಸಾ ಜಾಡಿ ಆಗಾಕ ಮೂರು ತಿಂಗಳು ಬೇಕು. ಅಲ್ಲೀಮಟ ಬರೇ ಅಣಬಿ ತಿನ್ನೋ ಮಂದಿಗೆ ಆಟಾನಾದ್ರೂ ಬೇಕಲ್ಲ. ನಾ ಇಪ್ಪತ್ತೆಂಟು ವರ್ಷ ಗುಂಡ್ಯಾಗ ಪಿಸುಗುಟ್ಟೀನಿ. ಇನ್ನ ಇಪ್ಪತ್ತೆಂಟು ವರ್ಷ ಅವರು ಪಿಸುಗುಡಲಿ. ನಾ ಮ್ಯಾಲೆ ನಿಂದರತೀನಿ. ಎಲ್ಲಾರ ಮಾತೂ ನನಗ ಬಾಯಿಪಾಠ ಐತಿ." ನನ್ನ ಬಲಗೈ ನೋಡಿ, "ಪ್ರತಿ ಹಿಡಿಯೋಮುಂದ ಕೈಗವಸು ಹಾಕ್ಕೊಳ್ಳಲಿ" ಎಂದಳು. ನಗೆ ಸುರಂಗದ ಕೊನೆಯವರೆಗೂ ಹೋಗಿ ವಾಪಸು ಬಂತು.

ಹೀಗೆ ನಾನು ಗುಂಡಿಯಲ್ಲಿದ್ದೇನೆ. ಇಲ್ಲಿಂದ ಬರೆಯುತ್ತಿದ್ದೇನೆ. ಗುಡುಗಲು ಉಳಿದಿರುವ ಜಾಗ ಈ ಕಾಗದವೊಂದೇ. ಕೆಳಗಿನಿಂದ ನೋಡಿದರೆ ರಂಗವೇ ಬೇರೆ: ಕಾಲುಗಳು, ಅಂಚುಗಳು, ಯಾರ ಬೆರಳು ಎಲ್ಲಿ ಹೋಯಿತು ಎಂಬುದು. ನನ್ನ ಸಂಶಯ ಸತ್ತಿದೆಯೆಂದು ತಿಳಿಯಬೇಡಿ. ಅದು ಚರ್ಮದ ಮೇಲೆ ಕೂತೇ ಇದೆ. ಈಗ ಅದಕ್ಕೆ ಮೊದಲು ನನ್ನ ಕೈಯನ್ನೇ ತೋರಿಸುತ್ತೇನೆ.

ನಿಮ್ಮಲ್ಲಿ ಒಂದು ಬೇಡಿಕೆ ಇದೆ. ತಾಯಿಪುಸ್ತಕವನ್ನು ಓದಲು ಮೊದಲು ಕಲಿತವರು ನೀವು. ಅದರಲ್ಲಿ ಯಾರೂ ಓದದ ಪುಟಗಳು ಬಹಳ ಇವೆ, ಕಸ, ಕತ್ತರಿಸಿ ಹಗುರ ಮಾಡೋಣ ಎನ್ನುವವರು ನಿಮ್ಮ ನಡುವೆ ಇದ್ದಾರೆಂದೇ ನನ್ನ ಬಲವಾದ ಗುಮಾನಿ. ಅವರ ಕೈ ಹಿಡಿಯಿರಿ. ಹೊಲಿದಿಟ್ಟ ಪುಟ ಯಾರ ಮಗಳ ಹೊಟ್ಟೆಗೆ ಯಾವ ಬರಗಾಲದಲ್ಲಿ ಬೇಕಾಗುತ್ತದೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿಮ್ಮ ಊರೆಲ್ಲ ನರಳುವಾಗ ಒಬ್ಬಳು ನೆಟ್ಟಗೆ ನಿಂತಿದ್ದರೆ, ಅವಳ ಮೇಲೆ ಬೆರಳು ತೋರಿಸುವ ಮುಂಚೆ ಆ ಬೆರಳು ಎಲ್ಲೆಲ್ಲಿ ಅದ್ದಿ ಬಂದಿದೆ ಎಂದು ಕೇಳಿಕೊಳ್ಳಿ.

ಇನ್ನೂ ಬರೆಯುತ್ತಿದ್ದೆ. ಆದರೆ ಮೇಲೆ ಹಂಪವ್ವ ರಾಣಿಯ ಪಾತ್ರದಲ್ಲಿ, ನಡುಮಾತಿನಲ್ಲಿ ನಿಂತು, ಗುಂಡಿಯ ಕಡೆ ನೋಡುತ್ತಿದ್ದಾಳೆ. ಮರೆತಿದ್ದಾಳೆಯೇ? ನಾನು ನಂಬುವುದಿಲ್ಲ. ಅವಳಿಗೆ ಮರೆವೆಂಬುದಿಲ್ಲ. ಗುಡುಗುತ್ತಿದ್ದ ನಾನು ಮೆಲ್ಲಗೆ ಮಾತಾಡುವುದನ್ನು ಊರೆಲ್ಲ ಕೇಳಬೇಕು, ಅಷ್ಟೇ ಅವಳಿಗೆ ಬೇಕಾದದ್ದು. ಕೈಗವಸು ತೊಟ್ಟಿದ್ದೇನೆ. ಪ್ರತಿಯ ಮೇಲೆ ಬೆರಳಿಟ್ಟಿದ್ದೇನೆ. ಅವಳ ಮಾತನ್ನು, ಬರೆದದ್ದು ಬರೆದಂತೆ, ಎತ್ತಿಕೊಡಬೇಕು.

ನಿಮ್ಮ ಪ್ರತಿಯ ಪ್ರತಿ,
ಕಂಠೆಪ್ಪ